ಆರು ತಂಬಿಗೆ ನೀರು

ಊರ ಹೊರಗಿನ ಕೇರಿ, ಮೂಡಲಗಿ ಸೀಮೆ
ಬುಧವಾರ, ೧೩ ಏಪ್ರಿಲ್ ೧೯೬೬

ಹುಕ್ಕೇರಿಯಲ್ಲಿರುವ ನಮ್ಮ ಮನೆಯವರಿಗೆ ಕಾಡವ್ವನ ಜೈ ಭೀಮ.

ಕ್ಷೇಮ ಸಮಾಚಾರ ಆಮೇಲೆ. ಮೊದಲು ಕೊಟ್ಟ ಮಾತುಗಳನ್ನು ಬರೆಯುತ್ತೇನೆ. ಊರ ಬಾವಿ ಎಲ್ಲರದು ಎಂದು ಸರಕಾರ ಹೇಳಿತು. ಹನ್ನೊಂದು ವರ್ಷವಾಯಿತು, ಬಾವಿ ಕಟ್ಟೆ ನಮ್ಮ ಕೇರಿಯ ಒಂದು ಪಾದವನ್ನೂ ಕಂಡಿಲ್ಲ. ಅರ್ಜಿ ಬರೆದುಕೊಡುತ್ತೇನೆ ಎಂದಿರಿ. ಬರೆಯಲಿಲ್ಲ. ಮಿರಜದ ದವಾಖಾನೆಗೆ ಪ್ರತಿ ಇಂಜೆಕ್ಷನ್ನಿಗೂ ಜೊತೆ ಬರುತ್ತೇನೆ ಎಂದಿರಿ. ಮೊದಲನೆಯದಕ್ಕೆ ಬಂದಿರಿ, ಎರಡನೆಯದಕ್ಕೂ ಮೂರನೆಯದಕ್ಕೂ ನಿಮ್ಮ ಅವ್ವ ಸೀತವ್ವನೇ ಬಂದಳು. ಕೂದಲು ಹೋದರೆ ಹೋಗಲಿ, ಕಾಡವ್ವ ಕಾಡವ್ವನೇ ಎಂದಿರಿ. ಬಾಚಣಿಗೆ ತುಂಬ ಕೂದಲು ಬಂದ ವಾರವೇ, ಕಚೇರಿಯಲ್ಲಿ ಕೆಲಸ ಜಾಸ್ತಿ ಎಂದು ಹುಕ್ಕೇರಿಯಲ್ಲಿ ಖೋಲಿ ಹಿಡಿದಿರಿ. ಆಮೇಲೆ ನೀವು ಬರಲಿಲ್ಲ. ಬಸ್ ಕಂಡಕ್ಟರನ ಕೈಯಲ್ಲಿ ತಲೆಗೆ ಕಟ್ಟುವ ಹಸಿರು ರುಮಾಲು ಬಂತು.

ಎದೆಯ ಗಂಟು ಕೊಯ್ದು ತೆಗೆದದ್ದೇ ಹಗುರ. ಈ ಇಂಜೆಕ್ಷನ್ ಹಾಗಲ್ಲ. ರೊಟ್ಟಿ ಬೇಯುವ ವಾಸನೆಗೇ ಹೊಟ್ಟೆ ತೊಳಸುತ್ತದೆ. ಬಾಯೆಲ್ಲ ಹುಣ್ಣು. ಅತ್ತೆ ಅಂಬಲಿ ಆರಿಸಿ ಚಮಚದಲ್ಲಿ ಕುಡಿಸುತ್ತಾಳೆ. ನನ್ನ ಬೋಳು ತಲೆ ಸವರಿ, “ನನ್ನ ಮಗಾ ಹುಟ್ಟಿದಾಗ ಹಿಂಗ ಇದ್ದ ನೋಡ, ಹಿಂಗ ಅಳತಿದ್ದ” ಎಂದು ನಗಿಸುತ್ತಾಳೆ.

ಡಾಕ್ಟರಬಾಯಿ ಹೇಳಿದ್ದು ನಿಮಗೆ ಗೊತ್ತಿಲ್ಲ, ನೀವು ಅವತ್ತು ಇರಲಿಲ್ಲ. “ಈ ಔಷಧ ಮೂತ್ರದ ಚೀಲಾ ಸುಡತೈತಿ. ದಿನಕ್ಕ ಆರು ತಂಬಿಗಿ ನೀರು ಕುಡಿ, ತಾಸಿಗೊಮ್ಮೆ ಹೊರಗ ಹೋಗು. ರಕ್ತ ಬಿತ್ತಂದ್ರ ಇಂಜೆಕ್ಷನ್ ನಿಲ್ಲಸಬೇಕಾಗತೈತಿ, ರೋಗ ತಿರುಗಿ ಬರತೈತಿ” ಎಂದಳು. ಕತ್ತಲಾಗುವ ತನಕ ಬಯಲಿಗೆ ಹೋಗುವಂತಿಲ್ಲವೆಂದು ಹಗಲೆಲ್ಲ ನೀರು ಕುಡಿಯದೆ ಇರುವುದನ್ನು ಕಲಿತವರು ನಾವು. ಅತ್ತೆ ಕೇಳಿದಳು, “ಅಷ್ಟು ನೀರು ಯಾರು ಹಾಕತಾರ್ರಿ ಬಾಯಾರ?” “ಊರಾಗ ಬಾವಿ ಇಲ್ಲೇನು?” “ಐತ್ರಿ. ನಮಗಿಲ್ಲ.” ಡಾಕ್ಟರಬಾಯಿ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟಳು.

ಇಷ್ಟು ದಿನ ಗೌಡರ ಮನೆಯ ಗೌರಕ್ಕ ಸೇದಿ, ಮೇಲಿನಿಂದ ನಮ್ಮ ಕೊಡಕ್ಕೆ ಸುರಿಯುತ್ತಿದ್ದಳು. ಕಳೆದ ಗುರುವಾರ ಆಕೆ ತವರಿಗೆ ಹೋಗಿದ್ದಳು. ಅತ್ತೆ ಮುಂಜಾನೆಯಿಂದ ನಡುಹಗಲಿನ ತನಕ ಕಟ್ಟೆಯ ಕೆಳಗೆ ನಿಂತಳು. ಬಂದವರು ಸೇದಿದರು, ಹೋದರು. ಚಳವಳಿ ಎಂದರೆ ನಮ್ಮಿಬ್ಬರನ್ನೂ ಬೈಯುತ್ತಿದ್ದ ಆ ಮುದುಕಿ ಕಟ್ಟೆ ಹತ್ತಿದಳು. ತಾನೇ ಸೇದಿದಳು. ಊರೊಳಗಿನ ಶೆಟ್ಟೆಪ್ಪ ಕಲ್ಲು ಬೀಸಿ ಆಕೆಯ ತಲೆಯ ಮೇಲಿನ ಕೊಡ ಒಡೆದ.

ಅತ್ತೆ ಓಡಲಿಲ್ಲ, ಅಳಲಿಲ್ಲ. ಮೈಯೆಲ್ಲ ತೊಯ್ಸಿಕೊಂಡು ಬಂದು ನನ್ನ ಮುಂದೆ ನಿಂತಳು. “ಕೊಡಾ ಹೋತು. ನೀರು ಸೀರ್ಯಾಗ ಐತಿ, ತಂಬಿಗಿ ಹಿಡಿ” ಎಂದು ಸೆರಗು ಹಿಂಡಿದಳು. ಕಾಲು ತಂಬಿಗೆಯೂ ಆಗಲಿಲ್ಲ. ನಾನು ಕುಡಿದೆ.

ಸೀತವ್ವ ಬಂದು ಊರ ಹಿರಿಯರ ಕಾಲಿಗೆ ಬೀಳುವ ತನಕ ಕೇರಿಗೆ ಯಾರೂ ನೀರು ಹಾಕಬಾರದೆಂದು ಅವತ್ತೇ ಫರ್ಮಾನು ಆಯಿತು. ಈಗ ಹಳ್ಳದಲ್ಲಿ ಒರತೆ ತೋಡುತ್ತೇವೆ. ನನ್ನ ಪಾಲಿಗೆ ದಿನಕ್ಕೆ ಎರಡು ತಂಬಿಗೆ, ಅದೂ ಅತ್ತೆ ತನ್ನದನ್ನು ಬಿಟ್ಟುಕೊಟ್ಟರೆ. ತವರಿನಿಂದ ಬಂದ ಗೌರಕ್ಕ ಗುಟ್ಟಾಗಿ, “ಹಿತ್ತಲಕ್ಕ ಬಾರಬೇ, ಕದ್ದು ಹಾಕತೀನಿ” ಎಂದಳು. ಒಳ್ಳೆಯವಳು. ಆದರೂ ಹೇಳಿದೆ: “ಕದ್ದು ಕುಡದದ್ದು ಸಾಕ್ರಿ ಗೌರಕ್ಕಾ. ಸೋಮವಾರ ಹಗಲಾಗ ಬಾವಿಗೆ ಬರತೀವಿ, ನಮ್ಮ ಬಾಜೂ ನಿಂದರ್ರಿ.” ಆಕೆ “ನೋಡತೀನವಾ” ಎಂದಳು. ಅಷ್ಟಾದರೂ ಎಂದಳು.

ನಾಳೆ ಭೀಮ ಜಯಂತಿಗೆ ಹುಕ್ಕೇರಿಯಲ್ಲಿ ಭಾಷಣ ನಿಮ್ಮದೇ ಅಂತೆ. ರಾತ್ರಿ ಶಾಲೆಯಲ್ಲಿ ನೀವು ನನ್ನಿಂದ ಬರೆಯಿಸಿದ ಮೊದಲ ಮಾತು ‘ನೀರು’. ಹಲಗೆಯ ಮೇಲೆ ನನ್ನ ಕೈ ಹಿಡಿದು ತಿದ್ದಿಸಿದ್ದಿರಿ. ನಿಮ್ಮ ಅದೇ ಕೈಗೆ ಈಗ ಹೆದರಿಕೆ. ನೌಕರಿಗೆ ಹೆದರಿದಿರೋ, ನನ್ನ ತಲೆ ನೋಡಲು ಹೆದರಿದಿರೋ, ಕೇಳುವುದಿಲ್ಲ. ಹೆದರಿದವರ ಮೇಲೆ ನನಗೆ ಸಿಟ್ಟಿಲ್ಲ. ನಾನೂ ದಿನಾ ಹೆದರುತ್ತೇನೆ. ಹೆದರಿಕೊಂಡೇ ಬನ್ನಿ. ಕೇರಿಯ ಹೆಂಗಸರೆಲ್ಲ ಕೊಡ ಹಿಡಿದು ಬಾವಿಗೆ ಹೋಗುವುದೆಂದು ಗೊತ್ತುಮಾಡಿದ್ದೇವೆ. ಕಾಯದೆ ಓದಿ ಹೇಳಲು ಬಲ್ಲವರು ನೀವೊಬ್ಬರೇ.

ಮೂತ್ರದ ಉರಿ ಈಗ ಕಡಿಮೆ ಇದೆ. ಚಿಂತೆ ಬೇಡ.

ನೀವು ಅಕ್ಷರ ಕಲಿಸಿದ
ಕಾಡವ್ವ

ತಾ.ಕ.: ಉರಿ ಕಡಿಮೆ ಎಂದದ್ದು ಸುಳ್ಳು. ನಿನ್ನೆಯಿಂದ ರಕ್ತ ಬೀಳುತ್ತಿದೆ. ಅತ್ತೆಗೂ ಹೇಳಿಲ್ಲ. ಬರುವ ಬುಧವಾರ ಮಿರಜದಲ್ಲಿ ನಾಲ್ಕನೆಯ ಇಂಜೆಕ್ಷನ್. ಡಾಕ್ಟರಬಾಯಿಯ ಮುಂದೆ ಮುಚ್ಚಿಡುವುದಿಲ್ಲ. ಅದಕ್ಕೆ ಮೊದಲು ಹೊಟ್ಟೆ ತುಂಬ ನೀರು ಕುಡಿಯಬೇಕು. ನೀವು ಕಳಿಸಿದ ರುಮಾಲು ತಲೆಗೆ ಕಟ್ಟುವುದಿಲ್ಲ. ಬೋಳು ನೆತ್ತಿಗೆ ಕೊಡ ಒತ್ತುತ್ತದೆ, ಸುತ್ತಿ ಸಿಂಬಿ ಮಾಡಿಕೊಳ್ಳುತ್ತೇನೆ. ಸಾಲಿನಲ್ಲಿ ಮೊದಲು ನಿಂತ ಬೋಳು ತಲೆಯವಳು ನಾನು, ಗುರುತು ಹಿಡಿಯಿರಿ. ಊರ ಬಾವಿ ಕಟ್ಟೆ, ಸೋಮವಾರ ಹದಿನೆಂಟನೆಯ ತಾರೀಖು, ಮುಂಜಾನೆ ಎಂಟು ಗಂಟೆ.