ಒಳಗೆ ಬನ್ನಿ ಅಂದ ತಪ್ಪಿಗೆ

ಪ್ರೀತಿಯ ಅಣ್ಣಾ,

ಮಧ್ಯಾಹ್ನ ಎರಡೂವರೆಗೆ ಯಾರೋ ದಬದಬ ಬಾಗಿಲು ಬಡಿದರು. ಮೂರು ರಾತ್ರಿ ನಿದ್ದೆಗೆಟ್ಟು ಮಗುವೂ ನಾನೂ ಆಗಷ್ಟೇ ಕಣ್ಣು ಮುಚ್ಚಿದ್ದೆವು. ತೆರೆದರೆ ಪೊಲೀಸರು. ಅವರ ವಾರಂಟ್ ಮಹಡಿ ಮೇಲಿನ ಬಾಡಿಗೆಯವನ ಮನೆಗೆ ಮಾತ್ರ, ನಾನೇ ಓದಿದೆ. ಆದರೆ ಅವರ ಗಂಟಲೋ, ಬೀದಿಗೆಲ್ಲ ಕೇಳಿಸುವಂಥದ್ದು. "ಮೆಲ್ಲಗೆ ಮಾತಾಡಿ ಸಾರ್, ಮಗು ಎದ್ದುಬಿಡತ್ತೆ, ಒಳಗೆ ಬನ್ನಿ" ಅಂದುಬಿಟ್ಟೆ.

ಅಷ್ಟೇ. ಬೀರು, ಹಾಸಿಗೆ, ಮಗುವಿನ ಬಟ್ಟೆ ಎಲ್ಲ ಜಾಲಾಡಿ ನನ್ನ ಮೊಬೈಲ್ ಎತ್ತಿಕೊಂಡರು. "ವಾರಂಟ್ ಮೇಲಿನ ಮನೆಗಲ್ವಾ?" ಅಂದರೆ ಸಾಹೇಬರು ನಕ್ಕರು: "ಕರೆದದ್ದು ನೀವೇ ತಾನೇ, ಅಮ್ಮಾ!" ಇಷ್ಟಾದರೂ ಮಗು ಏಳಲಿಲ್ಲ ನೋಡು.

ನಾಳೆ ಬೆಳಿಗ್ಗೆ ಎಂಟಕ್ಕೆ ಬರುತ್ತಾರಂತೆ. ಹುಡುಕಲು ನಾನೇ ಒಪ್ಪಿದೆ ಎಂಬ ಕಾಗದಕ್ಕೆ ಸಹಿ ಹಾಕಿ, ಫೋನಿನ ಲಾಕನ್ನೂ ತೆಗೆದುಕೊಡಬೇಕಂತೆ. ಎದೆ ಬಾತಾಗ ಡಾಕ್ಟರಮ್ಮನಿಗೆ ಕಳಿಸಿದ ಫೋಟೊಗಳು ಅದರಲ್ಲಿವೆ. ಠಾಣೆಯವರೆಲ್ಲ ನೋಡಬೇಕೆ? ಹೋದ ತಿಂಗಳು ಊಟಕ್ಕೆ ಕೂತಾಗ ಕೋರ್ಟಿನ ಇಂಥದ್ದೇ ಒಂದು ತೀರ್ಪಿನ ಬಗ್ಗೆ ವಕೀಲರ ಗತ್ತಿನಲ್ಲಿ ಗಂಟೆಗಟ್ಟಲೆ ಕೊರೆದೆಯಲ್ಲ, ನಾನು ತೂಕಡಿಸುತ್ತಿದ್ದೆ. ಈಗ ಎರಡೇ ಮಾತಲ್ಲಿ ಹೇಳು: ಸಹಿ ಹಾಕಲೋ, ಬೇಡವೋ?

ಇವರೂ ಊರಲ್ಲಿಲ್ಲ. ನಿನ್ನ ನಂಬರ್ ಆ ಮೊಬೈಲಿನಲ್ಲೇ ಹೋಯಿತು, ಬಾಯಿಗೆ ಬರುವುದಿಲ್ಲ. ನಿನ್ನ ಮನೆ ದಾರಿಯಲ್ಲೇ ರಾತ್ರಿ ಪಾಳಿಗೆ ಹೊರಟ ಪಕ್ಕದ ಮನೆ ನರ್ಸಕ್ಕನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಮಗು ಏಳುತ್ತದೆಂದು ಕಿತ್ತಿಟ್ಟಿದ್ದ ಮನೆ ಫೋನಿನ ತಂತಿಯನ್ನು ಮತ್ತೆ ಸಿಕ್ಕಿಸಿದ್ದೇನೆ. ಬೆಳಗಾಗುವುದರೊಳಗೆ ಫೋನ್ ಮಾಡು, ದಮ್ಮಯ್ಯ. ಎಷ್ಟು ಹೊತ್ತಾದರೂ ಸರಿ. ಮಗು ಎದ್ದರೆ ಏಳಲಿ.

ನಿನ್ನ ತಂಗಿ