ಚೆನ್ನಯನ ಲ್ಯಾಪ್‌ಟಾಪ್ ರಿಪೇರಿ

ಕೋಪರಖೈರಣೆ
೧೪ ಜುಲೈ ೨೦೧೩

ಪ್ರಿಯ ಚೆನ್ನಯ,

ಇಲ್ಲಿ ಎಲ್ಲರೂ ಕ್ಷೇಮ. ಬದಲಾಪುರದ ಮಳೆಯಲ್ಲಿ ನೀನೂ ಅಕ್ಕು ಅತ್ತಿಗೆಯೂ ಸೌಖ್ಯವಾಗಿದ್ದೀರೆಂದು ನಂಬಿದ್ದೇನೆ. ನೀನು ಮಾಡಿದ ಫೋನುಗಳನ್ನು ಎತ್ತಲಿಲ್ಲ, ಕ್ಷಮಿಸು. ಮೊಬೈಲಿನಲ್ಲಿ ನಿನ್ನ ಹೆಸರು ಕಂಡೊಡನೆ ಬಾತ್‌ರೂಮಿಗೆ ಹೋಗಿ ಚಿಲಕ ಹಾಕಿಕೊಳ್ಳುವ ಗಂಡಸಾಗಿದ್ದೇನೆ. ನನ್ನವಳು ಹೊಟ್ಟೆ ಕೆಟ್ಟಿದೆಯೆಂದುಕೊಂಡು ಕಷಾಯ ಮಾಡಿಕೊಟ್ಟಳು. ಅದನ್ನೂ ಕುಡಿದೆ.

ಎದುರಿಗೆ ಹೇಳಲಾರದ್ದನ್ನು ಬರೆಯುತ್ತಿದ್ದೇನೆ. ನಿನ್ನ ಲ್ಯಾಪ್‌ಟಾಪ್ ಮುದಿಯಾಗಿತ್ತು. ಆನ್ ಮಾಡಿ ಸ್ನಾನ ಮುಗಿಸಿ ಬಂದರೂ ತೆರೆದುಕೊಳ್ಳುತ್ತಿರಲಿಲ್ಲ. "ವಿಂಡೋಸ್ ತೆಗೆದು ಲಿನಕ್ಸ್ ಹಾಕಿದ್ರೆ ಹೊಸತರ ಹಾಗೆ ಓಡ್ತದೆ, ನನಗೆ ಬಿಡು" ಎಂದು ಜಂಬ ಕೊಚ್ಚಿದವನು ನಾನೇ. ಆಫೀಸಿಗೆ ಕಂಪ್ಯೂಟರ್ ಬಂದಾಗ ಎಲ್ಲರಿಗಿಂತ ಮೊದಲು ಕಲಿತವನೆಂಬ ಗರ್ವ ನಿವೃತ್ತನಾದರೂ ಇಳಿದಿರಲಿಲ್ಲ.

ಹಳೆಯದನ್ನು ಅಳಿಸುವ ಮೊದಲು ನಿನ್ನ ಫೈಲುಗಳನ್ನೆಲ್ಲ ಪೆನ್ ಡ್ರೈವಿಗೆ ಇಳಿಸಿದೆ. ಸರಿಯಾಗಿ ಬಂದಿವೆಯೇ ಎಂದು ನನ್ನ ಮನೆಯ ಕಂಪ್ಯೂಟರಿನಲ್ಲಿ ತೆರೆದು ನೋಡಿದೆ. ಮೊಮ್ಮಗಳ ಫೋಟೋಗಳು ಸರಿಯಿದ್ದವು. ಉಳಿದವುಗಳಲ್ಲಿ ಇಂಗ್ಲಿಷ್ ಅಕ್ಷರ, ಡಾಲರ್ ಗುರುತು, ಪ್ರಶ್ನೆಯ ಚಿಹ್ನೆ, ಎಲ್ಲ ಕಲಸುಮೇಲೋಗರ. ವೈರಸ್ ತಿಂದಿದೆ ಎಂದು ತೀರ್ಮಾನಿಸಿ ಅವನ್ನು ಪೆನ್ ಡ್ರೈವಿನಿಂದಲೂ ತೆಗೆದುಹಾಕಿದೆ. ಆಮೇಲೆ ಲಿನಕ್ಸ್ ಹಾಕಿದೆ. ಲ್ಯಾಪ್‌ಟಾಪಿನಲ್ಲಿದ್ದದ್ದೆಲ್ಲ ಅಳಿಸಿಹೋಯಿತು.

ಮುಂದಿನದು ನಿನಗೆ ಗೊತ್ತಿದ್ದದ್ದೇ. ಕಳೆದ ಭಾನುವಾರ ಠಾಣೆಯಲ್ಲಿ ಲೋಕಲ್ ರೈಲು ಬದಲಿಸಿ, ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ನಿನ್ನ ಮನೆಗೆ ಬಂದೆ. ಅತ್ತಿಗೆ ಗೋಳಿಬಜೆ ಕರಿದಿದ್ದರು. ಡೊಂಬಿವಲಿ ಕನ್ನಡ ಸಂಘದ ಶಂಭು, ಕಿಟ್ಟು ಇಬ್ಬರೂ ಇದ್ದರು.

"ಅಬ್ಬ, ಕೂಡ್ಲೇ ತೆರೀತದೆ ಮಾರಾಯ!" ಎಂದು ನೀನು ಹಿಗ್ಗಿದೆ. ನಿನ್ನ ಸೋದರಳಿಯ ವಿಶಾಲನನ್ನು ಕರೆದು, "ಇನ್ನು ನನ್ನ ಪ್ರಸಂಗ ತೆಗಿ. ಆ ಹಳೇ ಕನ್ನಡ ಫಾಂಟ್ ಹಾಕ್ಬೇಕು, ಇಲ್ಲದಿದ್ರೆ ಇಂಗ್ಲಿಷ್ ಕಸದ ಹಾಗೆ ಕಾಣ್ತದೆ" ಎಂದೆ.

ನನ್ನ ಬಾಯಲ್ಲಿದ್ದ ಬಜೆ ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ. ಭೂತಗನ್ನಡಿ ಹಿಡಿದು, ಒಂದೊಂದೇ ಅಕ್ಷರ ಒತ್ತಿ, ವರ್ಷಗಟ್ಟಲೆ ನೀನು ಬರೆದ ಯಕ್ಷಗಾನ ಪ್ರಸಂಗವನ್ನು ನಾನು ಕಸವೆಂದು ಗುಡಿಸಿದ್ದೆ. ಪ್ರತಿ ರಾಜ್ಯೋತ್ಸವಕ್ಕೂ ಮೈಕ್ ಹಿಡಿದು ಕನ್ನಡ ಉಳಿಸಿ ಎಂದು ಅರಚುವ ನಾನು!

ವಿಶಾಲ್ ಹುಡುಕಿ ಹುಡುಕಿ, ಏನೂ ಸಿಗದೆ, "ಮಾಮಾ, ಇಧರ್ ತೋ ಕುಛ್ ನಹೀ ಹೈ" ಎಂದ.

ನನ್ನತ್ತ ಕೈ ತೋರಿಸಿ, "ಪುಂಡರೀಕ ಎಲ್ಲ ಇಳಿಸಿಕೊಂಡಿದ್ದೇನೆ ಅಂತ ಹೇಳಿದ್ನಲ್ಲ. ಹಾಗಾದ್ರೆ ನಾನೇ ಯಾವಾಗ್ಲೋ ಅಳಿಸಿ ಹಾಕಿರ್ಬೇಕು. ತಲೆ ಕೆಟ್ಟಿತು ನಂದು" ಎಂದೆ ನೀನು. ನಾನು ಬಾಯಿ ಬಿಡಲಿಲ್ಲ.

ನಿನ್ನೆ ಶಂಭು ಸಿಕ್ಕಿದ್ದ. "ಚೆನ್ನಯಣ್ಣ ಇನ್ನು ತಾಳಮದ್ದಳೆಯಲ್ಲಿ ಅರ್ಥ ಹೇಳೋದಿಲ್ವಂತೆ. ಅಳಿಸಿದ್ದೇ ನೆನಪಿಲ್ಲದವ, ನಾಲ್ಕು ಜನರೆದುರು ಮಾತು ಮರೆತ್ರೆ ಎಂತ ಮರ್ಯಾದೆ ಅಂತ ಹೇಳಿದ್ರು" ಎಂದ. ಅದಕ್ಕೇ ಈ ಪತ್ರ.

ಚೆನ್ನಯ, ನಿನ್ನ ನೆನಪಿಗೆ ಏನೂ ಆಗಿಲ್ಲ. ಅಳಿಸಿದವನು ನಾನು. ಪೆನ್ ಡ್ರೈವನ್ನು ವಾಶಿಯ ಅಂಗಡಿಯೊಂದರಲ್ಲಿ ಕೊಟ್ಟು ಹುಡುಕಿಸಿದೆ, ಫೋಟೋಗಳಷ್ಟೇ ಇವೆಯಂತೆ. ನೀನು ಪ್ರಸಂಗ ಹೇಳುತ್ತಾ ಹೋದರೆ ಬರೆದುಕೊಳ್ಳಲು ದಿನವೂ ಬರುತ್ತೇನೆ. ಬಾಗಿಲು ತೆರೆಯದಿದ್ದರೆ ಮೆಟ್ಟಿಲ ಮೇಲೆ ಕೂತಿರುತ್ತೇನೆ. ಈ ಪತ್ರವನ್ನು ಸಂಘದಲ್ಲಿ ಗಟ್ಟಿಯಾಗಿ ಓದಿಸು, ಆದರೆ ತಾಳಮದ್ದಳೆಯಲ್ಲಿ ಪಾತ್ರವಾಗಿ ಕೂತು ಅರ್ಥ ಹೇಳುವುದನ್ನು ಬಿಡಬೇಡ.

ದೇವರು ನಿನ್ನ ಕಣ್ಣಿಗೂ ಕಂಠಕ್ಕೂ ಬಲ ಕೊಡಲಿ. ಅತ್ತಿಗೆಗೆ ನಮಸ್ಕಾರ.

ನಿನ್ನ,
ಪುಂಡರೀಕಾಕ್ಷ

ತಾ.ಕ.: ಬಾಯಿ ಬಿಡಲಿಲ್ಲ ಎಂದು ಮೇಲೆ ಬರೆದದ್ದು ಸುಳ್ಳು. ತಲೆ ಕೆಟ್ಟಿತು ಎಂದು ನೀನು ಹೇಳಿದಾಗ ಉಳಿದವರೆಲ್ಲ "ಛೆ, ಹಾಗೇನಿಲ್ಲ" ಎಂದರು. ನಾನೊಬ್ಬ ನಿನ್ನ ಬೆನ್ನು ಸವರಿ, "ಹೌದು ಚೆನ್ನಯ, ಇತ್ತೀಚೆಗೆ ನಿನಗೆ ಮರೆವು ಜಾಸ್ತಿ, ನಾನೂ ನೋಡ್ತಿದ್ದೇನೆ" ಎಂದೆ. ನಿನಗೆ ಅದು ಚೆನ್ನಾಗಿ ನೆನಪಿದೆ ಎಂದು ನನಗೆ ಗೊತ್ತು.