ಕಿಟಕಿಗಳ ಅಳತೆ

ಗಾಜಿನ ಅಂಗಡಿಯಿಂದ,
ಸೋಮವಾರ, ಮಾರ್ಚ್ ೯

ಪ್ರೀತಿಯ ತಮ್ಮಾ,

ನಿನ್ನ ಮೊಣಕಾಲು ನೋವು ಹೇಗಿದೆ? ನಿನ್ನ ಹೆಂಡತಿಯ ಕೆಮ್ಮು ನಿಂತಿತೇ? ಪುಟ್ಟಿ ಅಕ್ಷರ ಕೂಡಿಸಿ ಓದುತ್ತಾಳೆಂದು ಬರೆದಿದ್ದೆಯಲ್ಲ, ಅದನ್ನೋದಿ ಅಂಗಡಿಯಲ್ಲಿ ನಿಂತಲ್ಲೇ ಅತ್ತುಬಿಟ್ಟೆ. ನಗಬೇಡ. ನಾನು ಚೆನ್ನಾಗಿದ್ದೇನೆ, ಬೆರಳುಗಳೂ ಹತ್ತಕ್ಕೆ ಹತ್ತು ಇವೆ. ಆರು ವರ್ಷ ನಿರಾಶ್ರಿತರ ಶಿಬಿರದಲ್ಲಿ ಕೂತು ನೀನು ಗಾಜು ಕೊಯ್ಯುವುದನ್ನೇ ಮರೆತಿರುತ್ತೀಯ ಎಂದು ಎಲ್ಲರಲ್ಲೂ ಹೇಳಿಕೊಂಡು ನಗುತ್ತಿದ್ದೆ.

ಯುದ್ಧ ನಿಂತ ಮೇಲೆ ನಾನು ಮೊದಲು ಬಂದು ಅಂಗಡಿ ತೆರೆದಾಗ ಊರಲ್ಲೆಲ್ಲ ಹಲಗೆ ಹೊಡೆದ ಕಿಟಕಿಗಳೇ. ಈಗ ಎರಡು ವರ್ಷದಿಂದ ಹಲಗೆ ಕಿತ್ತು ಗಾಜು ಹಾಕಿಸುತ್ತಿದ್ದಾರೆ, ನಮ್ಮಂತೆ ಮರಳಿ ಬಂದವರೂ, ಆಗ ನಮ್ಮನ್ನು ಓಡಿಸಿದ ಮೇಲಿನ ಬೀದಿಯವರೂ. ಎದುರುಮನೆಯ ಹೊಲಿಗೆಯಮ್ಮ ತನ್ನ ಹೊಸ ಗಾಜನ್ನು ಮೂರು ಸಲ ಕರೆದು ತೋರಿಸಿದಳು, ಹಾಕಿದವಳು ನಾನೇ ಎಂಬುದನ್ನು ಮರೆತು. ಅಪ್ಪನ ಪದ್ಧತಿಯನ್ನು ನಾನು ಬಿಟ್ಟಿಲ್ಲ. ಉದ್ದ ಅಗಲದ ಜೊತೆಗೆ ಅದು ಯಾವ ಕೋಣೆ, ಅಲ್ಲಿ ಯಾರು ಮಲಗುತ್ತಾರೆ, ಕಿಟಕಿ ಎತ್ತ ತೆರೆಯುತ್ತದೆ, ಎಲ್ಲವನ್ನೂ ಅಳತೆ ಪುಸ್ತಕದಲ್ಲಿ ಬರೆಯುತ್ತೇನೆ. ಮಕ್ಕಳ ಕೋಣೆಗೆ ದಪ್ಪ ಗಾಜು ಹಾಕಬೇಕಲ್ಲ.

ಹೋದ ತಿಂಗಳು ಮರುನಿರ್ಮಾಣ ಕಚೇರಿಯವನೆಂದು ಒಬ್ಬ ಬಂದ. ಇಸ್ತ್ರಿ ಮಾಡಿದ ಅಂಗಿ, ಮೆಲುಮಾತು. ಮರಳಿ ಬಂದವರ ಮನೆಗಳಿಗೆಲ್ಲ ಕಚೇರಿಯೇ ಗಾಜು ಕೊಡುತ್ತದೆ, ಅಳತೆ ಬೇಕು ಎಂದ. ಅಷ್ಟು ದೊಡ್ಡ ಕೆಲಸವನ್ನು ಅಪ್ಪನೂ ಕಂಡಿರಲಿಲ್ಲ. ನಾನು ಕಾಲಿಗೆ ಚಕ್ರ ಕಟ್ಟಿಕೊಂಡು ನಲವತ್ತೊಂದು ಮನೆ ಅಳೆದೆ. ಅಪರಿಚಿತರಿಗೆ ಕದ ತೆಗೆಯದವರೂ ನನ್ನ ದನಿ ಕೇಳಿ ತೆಗೆದರು. ಅವನು ಮತ್ತೆ ಅಂಗಡಿಗೆ ಬಂದಾಗ ಪುಸ್ತಕ ಕೊಟ್ಟರೆ ಗಾಜಿನ ಮಾತೇ ಎತ್ತಲಿಲ್ಲ. "ಹಿಂದ್ಗಡೆ ಕಿಟಕಿ ಇಲ್ಲದ ಮನೆ ಯಾವ್ಯಾವುದು?" ಎಂದಷ್ಟೇ ಕೇಳಿದ. ನಾನು ಪೆದ್ದಿ, ಗುರುತು ಹಾಕಿಕೊಟ್ಟೆ.

ಮೂರು ವಾರವಾಯಿತು, ಗಾಜಿಲ್ಲ. ಶನಿವಾರ ಮರದಂಗಡಿಯವನು ಹಲಗೆ ಖಾಲಿ ಎಂದ. ಮೇಲಿನ ಬೀದಿಯವರು ಒಂದನ್ನೂ ಬಿಡದೆ ಒಯ್ದಿದ್ದಾರಂತೆ. ಹೋಗಿ ನೋಡಿದೆ, ನಾನೇ ಹಾಕಿದ ಗಾಜುಗಳ ಮೇಲೆ ಹಲಗೆ ಹೊಡೆಯುತ್ತಿದ್ದಾರೆ. ಯಾಕೆಂದು ಕೇಳಿದರೆ ಗಾಳಿ ಜಾಸ್ತಿ ಅನ್ನುತ್ತಾರೆ. ಇಲ್ಲಿ ಒಂದೆಲೆಯೂ ಅಲ್ಲಾಡುತ್ತಿಲ್ಲ. ಇವತ್ತು ಬೆಳಿಗ್ಗೆ ಪುಸ್ತಕ ವಾಪಸ್ ತರೋಣವೆಂದು ಕಚೇರಿಗೆ ಹೋದೆ. ಅಂಥವನು ಅಲ್ಲಿ ಯಾರೂ ಇಲ್ಲ, ಗಾಜು ಕೊಡುವ ಯೋಜನೆಯೂ ಇಲ್ಲ. ಈಗ ನಲವತ್ತೊಂದು ಮನೆಗೂ ಹೋಗಿ ಹೇಳಬೇಕು. ಯಾವ ಮುಖ ಇಟ್ಟುಕೊಂಡು ಹೇಳಲಿ, ನೀನೇ ಹೇಳು.

ನಿಮ್ಮಿಬ್ಬರಿಗೂ ಒಳ್ಳೆಯದಾಗಲಿ. ಪುಟ್ಟಿಯ ಕೆನ್ನೆಗೆ ನನ್ನದೊಂದು ಮುತ್ತು.

ನಿನ್ನ ಜಗಳಗಂಟಿ ಅಕ್ಕ

ತಾ.ಕ.: ಮೊದಲೇ ಬರೆಯಬೇಕಿತ್ತು, ಕೈ ಬರಲಿಲ್ಲ. ಪುಸ್ತಕ ಕೊಟ್ಟ ದಿನ ಅವನು ಪುಟ ತಿರುವಿ, "ನಿಮ್ಮನೇದೇ ಇಲ್ವಲ್ಲ ಅಕ್ಕಾ?" ಎಂದ. ನಾನು ಹಿಗ್ಗಿ ಹೀರೇಕಾಯಿಯಾಗಿ ಅಲ್ಲೇ ಬರೆದುಕೊಟ್ಟೆ: ಹಿಂದಿನ ಕೋಣೆ, ಒಂದೇ ಕಿಟಕಿ, ಹದಿನೆಂಟನೇ ತಾರೀಖಿನಿಂದ ತಮ್ಮ, ಅವನ ಹೆಂಡತಿ, ಮಗು. ಬಸ್ಸು ಹತ್ತಬೇಡ.